ಚಿತ್ರಕಲೆಯ ವಿದ್ಯಾರ್ಥಿಯೂ ಪರದೇಶವಾಸವೂ

ಮಕ್ಕಳನ್ನು ವ್ಯಾಸಂಗಕ್ಕಾಗಿ ಪರದೇಶಕ್ಕೆ ಕಳುಹಿಸುವ ತಂದೆತಾಯಿಗಳನ್ನು ಒಂದು ಶಂಕೆ ಬಾಧಿಸುವುದುಂಟು. ವೈದ್ಯವನ್ನೋ ಯಂತ್ರಶಾಸ್ತ್ರವನ್ನೋ ಕಲಿತು ಬಂದವರು ಕಲಿತುದನ್ನು ಇಲ್ಲಿ ಉಪಯೋಗಿಸಬಹುದು. ದೇಹದ ಧರ್ಮವೂ ಉಕ್ಕಿನ ಗುಣವೂ ಎಲ್ಲೆಡೆಯಲ್ಲಿಯೂ ಒಂದೇ. ಕಲೆಯನ್ನು ಕಲಿಯಹೋದವರ ಗತಿಯೇನು? ಅನ್ಯರ ಕಣ್ಣಿನಿಂದ ನೋಡಲು ಕಲಿತವರು ತಮ್ಮ ಕಣ್ಣನ್ನೇ ಕಳೆದುಕೊಂಡಾರೆಂಬ ಭಯವು ನಿರಾಧಾರವಾದುದೇನೂ ಅಲ್ಲ. ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ, ಒಬ್ಬ ವಿದ್ಯಾರ್ಥಿನಿಯ ಅನುಭವವನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಲೇಸು. ಆಕೆ ಅಮೃತಾ ಶೇರ್‌ಗಿಲ್.

ಅಮೃತಾ 1913ರಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಹುಟ್ಟಿದಳು. ತಂದೆ ಉಮ್ರಾವ್ ಸಿಂಗರು ಪಂಜಾಬಿನ ಸಿಖ್ ಮನೆತನದವರು, ಸಂಸ್ಕೃತ ಪಾರಸಿಗಳಲ್ಲಿ ವಿದ್ವಾಂಸರು. ತಾಯಿ ಹಂಗೇರಿಯವರು, ಸಂಗೀತವನ್ನು ಬಲ್ಲವರು. 1921ರಲ್ಲಿ ಸಂಸಾರವು ಸಿಮ್ಲಾಕ್ಕೆ ಬಂದು ನೆಲೆಸಿತು. 1929ರಲ್ಲಿ ಮಗಳ ವಿದ್ಯಾಭ್ಯಾಸಕ್ಕಾಗಿಯೇ ಪ್ಯಾರಿಸಿಗೆ ತೆರಳಿತು. ಆಗ ಆಕೆಗೆ ಹದಿನಾರು ವಯಸ್ಸು. ಹುಟ್ಟಿನಿಂದಲೇ ಎರಡು ನಾಡುಗಳಿಗೆ ಸೇರಿದವಳಿಗೆ ಸ್ವದೇಶವಾವುದು, ಪರದೇಶವಾವುದು ಎಂಬ ಪ್ರಶ್ನೆ ನಮಗಿಂತಲೂ ಹೆಚ್ಚು ತೀಕ್ಷ್ಣವಾಗಿದ್ದಿರಬೇಕು.

ಮೊದಲು ಒಂದು ಖಾಸಗಿ ಕಲಾಶಾಲೆಯಲ್ಲಿ ಅಭ್ಯಾಸಮಾಡಿ, ಬಳಿಕ ಆಕೆ ಎಕೋಲ್ ದೆ ಬೋಜಾರ್ ಎಂಬ ಪ್ರಸಿದ್ಧ ವಿದ್ಯಾಲಯವನ್ನು ಸೇರಿದಳು. ಸ್ತ್ರೀಯರಿಗೆ ಆ ವಿದ್ಯಾಲಯದ ಬಾಗಿಲು ತೆರೆದುದು 1897ರಲ್ಲಿ. ಅಲ್ಲಿ ಲೂಸಿಯೆನ್ ಸಿಮೋನ್ ಎಂಬ ಚಿತ್ರಕಾರರು ಆಕೆಗೆ ಗುರುಗಳಾದರು. ಜೀವಂತ ಮನುಷ್ಯನನ್ನು ಎದುರಿಗಿರಿಸಿಕೊಂಡು ಎಲುಬಿನ ನೆಲೆ, ಮಾಂಸಖಂಡದ ತಿರುವು, ಮೈಯ ಭಾರ, ಬೆಳಕು ನೆರಳುಗಳ ಮೇಳ ಇವನ್ನು ಕೈಗೆ ತಂದುಕೊಳ್ಳುವುದೇ ಅಲ್ಲಿಯ ಶಿಕ್ಷಣಕ್ಕೆ ತಳಹದಿ. ಬಿಡುವಿನ ದಿನಗಳಲ್ಲಿ ಆಕೆ ಹಂಗೇರಿಯ ಹಳ್ಳಿಗಾಡಿಗೆ ಹೋಗಿ ಅಲ್ಲಿಯ ಜನರನ್ನು ಚಿತ್ರಿಸುತ್ತಿದ್ದಳು. 1932ರಲ್ಲಿ ಬರೆದ ‘ತರುಣಿಯರು’ ಎಂಬ ತೈಲಚಿತ್ರದಲ್ಲಿ ತಂಗಿ ಇಂದಿರೆಯೂ ಒಬ್ಬ ಫ್ರೆಂಚ್ ಗೆಳತಿಯೂ ಎದುರುಬದುರಾಗಿ ಕುಳಿತಿದ್ದಾರೆ. ಆ ಚಿತ್ರಕ್ಕೆ 1933ರಲ್ಲಿ ಪ್ಯಾರಿಸಿನ ದೊಡ್ಡ ಪ್ರದರ್ಶನದಲ್ಲಿ ಚಿನ್ನದ ಪದಕ ದೊರೆಯಿತು. ಇಪ್ಪತ್ತರ ಹರೆಯದಲ್ಲಿ ಇದಕ್ಕಿಂತ ಹೆಚ್ಚಿನ ಕೀರ್ತಿಯನ್ನು ಯಾರು ತಾನೇ ಬಯಸಿಯಾರು?

ಆದರೆ ಪದಕ ಬಂದ ಮರುವರ್ಷವೇ ಆಕೆ ಹಿಂದಿರುಗುವ ನಿಶ್ಚಯಮಾಡಿದಳು. ತಂದೆಗೆ ಈ ವಿಚಾರದಲ್ಲಿ ಹಿಂಜರಿತವಿತ್ತು. ಮಗಳು ಬರೆದ ಪತ್ರದ ತಾತ್ಪರ್ಯವಿದು: ಭಾರತದ ಕಲೆಯ ಬೆಲೆಯನ್ನು ತಾನು ಅರಿತುದು ಯುರೋಪಿಗೆ ಬಂದುದರಿಂದಲೇ, ಇಲ್ಲಿಯ ನೂತನ ಕಲೆಯೇ ತನ್ನನ್ನು ಅಜಂತೆಯ ಕಡೆಗೆ ತಿರುಗಿಸಿತು. ಆಕೆಯ ಬಣ್ಣಗಳ ಸಮೃದ್ಧಿಯನ್ನು ಕಂಡು, ಪಶ್ಚಿಮದ ಮಂಕುಬೆಳಕಿನ ಶಾಲೆಗಳು ನಿನಗೆ ಒಗ್ಗುವ ಸ್ಥಳವಲ್ಲವೆಂದು ಗುರುಗಳೂ ಹೇಳುತ್ತಿದ್ದರಂತೆ.

ಪ್ಯಾರಿಸಿನ ದಾರಿ ಅಜಂತೆಗೆ ಕೊಂಡೊಯ್ದುದು ಹೇಗೆ? ಇದರ ಮರ್ಮವನ್ನು ನಾವು ಸ್ವಲ್ಪ ಬಿಡಿಸಿ ನೋಡಬೇಕು. ಯುರೋಪಿನ ಚಿತ್ರಕಾರರು ನಾನೂರು ವರ್ಷಗಳ ಕಾಲ ಪಟವನ್ನು ಒಂದು ಕಿಟಕಿಯೆಂದು ಭಾವಿಸಿ, ಅದರಾಚೆಯ ವಸ್ತುಗಳು ಉಬ್ಬುತಗ್ಗುಗಳೊಡನೆ ನಿಜವೆಂಬಂತೆ ತೋರಲೆಂದು ಶ್ರಮಿಸಿದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗೋಗ್ಯಾನ್ ಮೊದಲಾದವರು ಈ ಪದ್ಧತಿಯನ್ನು ಮುರಿದರು. ನೆರಳನ್ನು ಕಡಮೆಮಾಡಿ, ಬಣ್ಣವನ್ನು ಅಗಲವಾಗಿ ಸಮನಾಗಿ ಹರಡಿ, ಆಕಾರವನ್ನು ಗಟ್ಟಿಯಾದ ರೇಖೆಯಿಂದ ಕಟ್ಟಿದರು. ನಮ್ಮ ಪುರಾತನ ಭಿತ್ತಿಚಿತ್ರಗಳಲ್ಲಿಯೂ ರೇಖೆಯೇ ಪ್ರಾಣ. ಆದುದರಿಂದ ಗೋಗ್ಯಾನನ ಚಿತ್ರವನ್ನು ಮೆಚ್ಚಲು ಕಲಿತ ಕಣ್ಣಿಗೆ ಅಜಂತೆಯು ಹಳೆಯ ಕಾಲದ ಅವಶೇಷವಾಗಿ ಕಾಣದೆ, ಕೈಹಿಡಿದು ನಡೆಸಬಲ್ಲ ಗುರುವಾಗಿ ಕಂಡುದು ಸಹಜವೇ ಆಗಿದೆ.

1934ರ ಕೊನೆಯಲ್ಲಿ ಆಕೆ ಭಾರತಕ್ಕೆ ಬಂದಳು. ಆಕೆಯ ಮುಖ್ಯವಾದ ಯಾತ್ರೆ ನಡೆದುದು ಆಮೇಲೆ ಎಂದು ನಮಗೆ ತೋರುತ್ತದೆ. 1936ರ ಕೊನೆಯಿಂದ 1937ರವರೆಗೆ ಅಜಂತೆ, ಎಲ್ಲೋರಗಳನ್ನು ನೋಡಿಕೊಂಡು, ತಿರುವಾಂಕೂರು ಕೊಚ್ಚಿಗಳನ್ನೂ ಕನ್ಯಾಕುಮಾರಿಯನ್ನೂ ಸಂದರ್ಶಿಸಿದಳು. ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಗೋಡೆಗಳ ಮೇಲಿನ ಚಿತ್ರಗಳು ಆಕೆಯನ್ನು ಬೆರಗುಗೊಳಿಸಿದವು. ಆ ಯಾತ್ರೆಯ ಫಲವೇ 1937ರ ಮೂರು ಚಿತ್ರಗಳು: ವಧುವಿನ ಅಲಂಕಾರ, ಬ್ರಹ್ಮಚಾರಿಗಳು, ಸಂತೆಗೆ ಹೋಗುತ್ತಿರುವ ದಕ್ಷಿಣದ ಹಳ್ಳಿಯವರು. ಇವುಗಳಲ್ಲಿ ಜನರು ಒತ್ತಾಗಿ ನಿಂತೋ ಕುಳಿತೋ ಇರುವ ರೀತಿಯೂ ಮೈಬಣ್ಣದ ಗಾಂಭೀರ್ಯವೂ ನಮ್ಮ ಗೋಡೆಚಿತ್ರಗಳನ್ನು ನೆನಪಿಗೆ ತರುತ್ತವೆ. ಆದರೆ ಬರೆದಿರುವುದು ಬಟ್ಟೆಯ ಪಟದ ಮೇಲೆ, ಎಣ್ಣೆಬಣ್ಣದಲ್ಲಿ. ಪ್ಯಾರಿಸಿನಲ್ಲಿ ಸಂಪಾದಿಸಿದ ಸಾಧನವನ್ನು ಆಕೆ ಬಿಸುಡಲಿಲ್ಲ. ಅದಕ್ಕೆ ಬೇರೆಯ ಕೆಲಸವನ್ನು ಕೊಟ್ಟಳು.

ಮುಂದಿನ ದಾರಿಯೇನೂ ಸುಗಮವಾಗಿರಲಿಲ್ಲ. ಕೊಳ್ಳುವವರು ವಿರಳರಾಗಿದ್ದರು. 1941ರ ಡಿಸೆಂಬರ್ 5ರಂದು, ಇಂದು ಪಾಕಿಸ್ತಾನದಲ್ಲಿರುವ ಲಾಹೋರಿನಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿಯೇ ಆಕೆ ತೀರಿಕೊಂಡಳು. ಇಂದು ಆಕೆಯ ಚಿತ್ರಗಳು ರಾಷ್ಟ್ರದ ಕಲಾಸಂಪತ್ತೆಂದು ಪರಿಗಣಿತವಾಗಿವೆ. ಹಲವು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾಶಾಲೆಯಲ್ಲಿವೆ.

ಇಷ್ಟರಿಂದ ಪರದೇಶಕ್ಕೆ ಹೋದವರೆಲ್ಲರೂ ಹೀಗೆಯೇ ಆಗುವರೆಂದು ನಾವು ಹೇಳಲಾರೆವು. ಪದಕವನ್ನು ಕಂಡು ಅಲ್ಲಿಯೇ ತೃಪ್ತಳಾಗಿದ್ದರೆ ಆಕೆಯೂ ನಿಪುಣರಾದ ಅನುಕರಣಕಾರರಲ್ಲಿ ಒಬ್ಬಳಾಗುತ್ತಿದ್ದಳೋ ಏನೋ. ತಂದೆತಾಯಿಗಳ ಭಯಕ್ಕೆ ನಮ್ಮ ಉತ್ತರವಿಷ್ಟೆ: ದೂರ ಹೋದುದರಿಂದ ಕಣ್ಣು ಕಳೆದುಹೋಗುವುದಿಲ್ಲ, ಕಲಿತುದನ್ನು ಮನೆಯ ಬೆಳಕಿನಲ್ಲಿ ಮತ್ತೊಮ್ಮೆ ಪರೀಕ್ಷಿಸದೆ ಬಿಟ್ಟರೆ ಕಳೆದುಹೋಗುತ್ತದೆ. ಹೊರಟುನಿಂತ ನಮ್ಮ ವಿದ್ಯಾರ್ಥಿಯು ಶ್ರೀರಂಗಪಟ್ಟಣದ ದರಿಯಾ ದೌಲತಿನ ಗೋಡೆಗಳನ್ನು ಒಮ್ಮೆ ನೋಡಿ ಹೋಗಲಿ. ಬಂದಮೇಲೆ ಮತ್ತೊಮ್ಮೆ ನೋಡಲಿ. ಆ ಎರಡು ನೋಟಗಳ ಅಂತರವೇ ಆತನು ಪರದೇಶದಲ್ಲಿ ಗಳಿಸಿದ ವಿದ್ಯೆ.