ಮೂಗಿಗೆ ಹಾಕುವ ಕಡ್ಡಿ ಮಿದುಳಿಗೆ ತಾಗೀತೇ?

ಪ್ರಶ್ನೆ: ಕೋವಿಡ್ ಕಾಲದಲ್ಲಿ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ಮೂಗಿಗೆ ಕಡ್ಡಿ ಹಾಕಿಸಿಕೊಂಡಾಗ ಕಣ್ಣಲ್ಲಿ ನೀರು ಬಂತು. ಅಷ್ಟು ಆಳಕ್ಕಿಳಿಯುವ ಕಡ್ಡಿ ಮಿದುಳಿಗೆ ಪೆಟ್ಟು ಮಾಡುವುದಿಲ್ಲವೇ?
– ಓದುಗರೊಬ್ಬರು, ಹರಿಹರ

ಉತ್ತರ: ಸರಿಯಾಗಿ ಹಾಕಿದರೆ ಆ ಭಯ ಬೇಡ. ಮಿದುಳಿಗೂ ಮೂಗಿಗೂ ನಡುವಿನ ತೆಳು ಮೂಳೆ ಇರುವುದು ಮೂಗಿನ ಮಾಡಿನಲ್ಲಿ. ಕಡ್ಡಿ ಹೋಗಬೇಕಾದ್ದು ಮೇಲಕ್ಕಲ್ಲ. ಅಂಗುಳಿಗೆ ಸಮಾನಾಂತರವಾಗಿ, ಕಿವಿಯ ಮಟ್ಟದಲ್ಲಿ, ನೇರ ಹಿಂದಕ್ಕೆ. ಮೂಗು ಗಂಟಲು ಸೇರುವ ಜಾಗದಲ್ಲಿ ಕೆಲವು ಸೆಕೆಂಡು ತಿರುಗಿಸಿ ಮೆಲ್ಲಗೆ ಹೊರತೆಗೆಯುತ್ತಾರೆ. ಕಣ್ಣೀರು, ಸೀನು ಬರುವುದು ಮೂಗಿನ ನರ ಕೆರಳುವುದರಿಂದ, ಗಾಯವಾಗಿದೆ ಎಂದಲ್ಲ.

ಹಾಗಂತ ತೊಂದರೆಯೇ ಆಗದೆಂದಲ್ಲ. 2020ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಏಳು ತಿಂಗಳಲ್ಲಿ ನಡೆದ 6.4 ಲಕ್ಷಕ್ಕೂ ಹೆಚ್ಚು ಪರೀಕ್ಷೆಗಳಲ್ಲಿ ತುರ್ತು ಚಿಕಿತ್ಸೆಗೆ ಬಂದವರು 8 ಮಂದಿ: ನಾಲ್ವರಿಗೆ ಮೂಗಿನ ರಕ್ತಸ್ರಾವ, ನಾಲ್ವರಲ್ಲಿ ಕಡ್ಡಿ ಮುರಿದಿತ್ತು. ಅದೇ ವರ್ಷ ಅಮೆರಿಕದ ಮಹಿಳೆಯೊಬ್ಬರಿಗೆ ಕಡ್ಡಿ ಹಾಕಿದ ಮೇಲೆ ಮಿದುಳಿನ ಸುತ್ತಲಿನ ದ್ರವ ಮೂಗಿನಿಂದ ಸೋರಿತು. ಅವರ ತಲೆಬುರುಡೆಯ ತಳದಲ್ಲಿ ಗೊತ್ತಾಗದ ದೋಷ ಮೊದಲೇ ಇತ್ತು.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಮೂಗು, ಸೈನಸ್ ಅಥವಾ ತಲೆಬುರುಡೆಯ ಶಸ್ತ್ರಚಿಕಿತ್ಸೆ ಆದವರು, ಮೂಗಿನ ನಡುಗೋಡೆ ಸೊಟ್ಟಗಿರುವವರು ಮೊದಲೇ ಹೇಳಿಬಿಡಿ. ಗಂಟಲಿನಿಂದ ಮಾದರಿ ತೆಗೆಯಲೂ ಬರುತ್ತದೆ. ಕಡ್ಡಿ ತಡೆದರೆ ಒತ್ತಬಾರದು; ಇನ್ನೊಂದು ಹೊಳ್ಳೆಯಲ್ಲಿ ನೋಡಬೇಕು. ತಲೆ ಕೊಡವಬೇಡಿ, ಮಕ್ಕಳಿದ್ದರೆ ತೊಡೆಯ ಮೇಲೆ ಕೂರಿಸಿ ತಲೆ ಹಿಡಿದುಕೊಳ್ಳಿ. ರಕ್ತ ನಿಲ್ಲದಿದ್ದರೆ, ಅಥವಾ ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ತಡಮಾಡದೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.