ಕದ್ದವನಿಗೆ ದಕ್ಕದ ಫೋನು

ಚಿಕ್ಕನರಗುಂದದ ರೈತನೊಬ್ಬನು ನರಗುಂದದ ಪೇಟೆಗೆ ಬಂದು, ಊರಿಗೆ ಮರಳುವ ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ ತನ್ನ ಮೊಬೈಲ್ ಫೋನನ್ನು ಕಳೆದುಕೊಂಡನೆಂದು ಭಾವಿಸೋಣ. ಕಿಸೆಗಳ್ಳನಿಗೆ ಆ ಫೋನಿನಲ್ಲಿ ಮಾತನಾಡುವ ಹಂಬಲವೇನೂ ಇಲ್ಲ. ಅದನ್ನು ಮಾರಿದರೆ ಬರುವ ಹಣವೇ ಅವನಿಗೆ ಬೇಕಾದುದು. ಮೈಮೇಲೆ ಎದ್ದುಕಾಣುವ ಗುರುತುಳ್ಳ ಎತ್ತನ್ನು ಕದ್ದವನು ಅದನ್ನು ಹತ್ತಿರದ ದನದ ಸಂತೆಗೆ ಹೊಡೆದುಕೊಂಡು ಹೋಗಲು ಅಂಜುವನು. ಫೋನಿಗೂ ಅಂಥ ಗುರುತೊಂದಿದ್ದು, ದೇಶದ ಯಾವ ಮೂಲೆಗೆ ಹೋದರೂ ಅದು ಪತ್ತೆಯಾಗುವಂತಿದ್ದರೆ, ಕಳವಿನ ಲಾಭವೇ ಇಲ್ಲದಂತಾಗುವುದಲ್ಲವೆ?

ಅಂಥ ಗುರುತು ಉಂಟು. ಅದು ಐ.ಎಂ.ಇ.ಐ. ಎಂಬ 15 ಅಂಕಿಗಳ ಸಂಖ್ಯೆ. ಮೊದಲ 8 ಅಂಕಿಗಳು ಫೋನಿನ ಮಾದರಿಯನ್ನೂ, ಮುಂದಿನ 6 ಅಂಕಿಗಳು ಆ ಮಾದರಿಯಲ್ಲಿ ಇದೇ ಒಂದು ಫೋನನ್ನೂ ಸೂಚಿಸುತ್ತವೆ. ಕೊನೆಯ ಅಂಕಿಯು, ಸಂಖ್ಯೆಯನ್ನು ಬರೆದುಕೊಳ್ಳುವಾಗ ತಪ್ಪಾಗಿದೆಯೇ ಎಂದು ಪರೀಕ್ಷಿಸಲು ಲೆಕ್ಕಹಾಕಿ ಸೇರಿಸಿದುದು. ಎರಡು ಸಿಮ್‌ಗಳ ಫೋನಿಗೆ ಇಂತಹ ಎರಡು ಸಂಖ್ಯೆಗಳಿರುತ್ತವೆ. ಸಿಮ್ ಚಂದಾದಾರನ ಗುರುತು. ಇದಾದರೋ ಯಂತ್ರದ ಗುರುತು. ಕಳ್ಳನು ಮೊದಲು ಮಾಡುವ ಕೆಲಸವೆಂದರೆ ಸಿಮ್ಮನ್ನು ಕಿತ್ತೆಸೆಯುವುದು. ಆದರೆ ಯಂತ್ರದ ಸಂಖ್ಯೆ ಅದರೊಡನೆ ಹೋಗುವುದಿಲ್ಲ. ಬೇರೊಂದು ಸಿಮ್ ಹಾಕಿ ಫೋನನ್ನು ಚಾಲೂ ಮಾಡಿದಾಗ, ಸಂಪರ್ಕಜಾಲವು ಈ ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳಬಲ್ಲುದು. ನಿಷೇಧಿತ ಸಂಖ್ಯೆಗಳ ಪಟ್ಟಿಯಲ್ಲಿ ಅದಿದ್ದರೆ ಸಂಪರ್ಕವನ್ನು ನಿರಾಕರಿಸುವುದು.

ಆದರೆ ಒಂದು ಕಂಪನಿ ತನ್ನ ಪಟ್ಟಿಯನ್ನು ತಾನೊಂದೇ ಇಟ್ಟುಕೊಂಡರೆ ಫಲವೇನು? ಕಳ್ಳನು ಇನ್ನೊಂದು ಕಂಪನಿಯ ಸಿಮ್ ಹಾಕಿದನೆಂದರೆ ತೀರಿತು. ಆದುದರಿಂದ ಎಲ್ಲ ಕಂಪನಿಗಳಿಗೂ ಒಂದೇ ಪಟ್ಟಿ ಬೇಕಾಯಿತು. ಸಿ.ಇ.ಐ.ಆರ್. ಎಂಬ ಈ ಕೇಂದ್ರೀಯ ದಾಖಲೆಯು 2019ರಲ್ಲಿ ಮಹಾರಾಷ್ಟ್ರದಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 2023ರ ಮೇ 17ರಂದು ದೇಶಕ್ಕೆಲ್ಲ ವಿಸ್ತರಿಸಿತು. ಆ ವೇಳೆಗಾಗಲೇ ಕರ್ನಾಟಕದ ಪೊಲೀಸರು ಇದರ ನೆರವಿನಿಂದ 2,500ಕ್ಕೂ ಮಿಕ್ಕಿದ ಫೋನುಗಳನ್ನು ಒಡೆಯರಿಗೆ ಮರಳಿಸಿದ್ದರು. ನಿಷೇಧಿತ ಫೋನನ್ನು ಯಾರಾದರೂ ಬಳಸಲು ಯತ್ನಿಸಿದರೆ ಆ ಸುಳಿವು ಪೊಲೀಸರಿಗೆ ತಲಪುವುದೇ ಇದಕ್ಕೆ ಕಾರಣ.

ಎರಡನೆಯ ಬೀಗವು ಫೋನಿನೊಳಗೇ ಇದೆ. ಒಡೆಯನು ಬೇರೊಂದು ಫೋನಿನಿಂದಲೋ ಕಂಪ್ಯೂಟರಿನಿಂದಲೋ ಆಜ್ಞೆ ಕಳುಹಿಸಿ ತನ್ನ ಫೋನನ್ನು ಮುಚ್ಚಿಬಿಡಬಹುದು. ಅದು ಅಂತರಜಾಲದ ಸಂಪರ್ಕಕ್ಕೆ ಬಂದೊಡನೆ ಆಜ್ಞೆ ಜಾರಿಯಾಗುವುದು. ಒಳಗಿನದನ್ನೆಲ್ಲ ಅಳಿಸಿದರೂ ಅದು ಹಳೆಯ ಒಡೆಯನ ಗುಪ್ತಪದವನ್ನೇ ಕೇಳುತ್ತದೆ. ಆಪಲ್ ಕಂಪನಿಯು 2013ರ ಸೆಪ್ಟೆಂಬರಿನಲ್ಲಿ ಇಂತಹ ಬೀಗವನ್ನು ಅಳವಡಿಸಿದ ಮೇಲೆ, ಒಂದು ವರ್ಷದಲ್ಲಿ ಐಫೋನುಗಳ ಕಳವು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶೇಕಡಾ 40ರಷ್ಟೂ ನ್ಯೂಯಾರ್ಕಿನಲ್ಲಿ ಶೇಕಡಾ 25ರಷ್ಟೂ ಇಳಿಯಿತೆಂದು ಅಲ್ಲಿನ ಅಧಿಕಾರಿಗಳು 2015ರಲ್ಲಿ ಪ್ರಕಟಿಸಿದರು. ಇಳಿಕೆಗೆ ಬೀಗವೊಂದೇ ಕಾರಣವೆನ್ನಲಾಗದು. ಆದರೂ ಅದರ ಪಾಲು ಸಣ್ಣದಲ್ಲವೆಂದೇ ನನ್ನ ಎಣಿಕೆ.

ಕಳ್ಳರೂ ಕೈಕಟ್ಟಿ ಕುಳಿತಿಲ್ಲ. ಪರದೆ, ಬ್ಯಾಟರಿಗಳನ್ನು ಬಿಡಿಬಿಡಿಯಾಗಿ ಮಾರುವವರುಂಟು. ನಮ್ಮ ಪಟ್ಟಿ ಸಲ್ಲದ ಹೊರದೇಶಕ್ಕೆ ಸಾಗಿಸುವವರುಂಟು. ಸಂಖ್ಯೆಯನ್ನೇ ತಿದ್ದುವವರೂ ಉಂಟು. ತಿದ್ದುವುದನ್ನು ಭಾರತ ಸರಕಾರವು 2017ರ ನಿಯಮಗಳಿಂದ ಅಪರಾಧವನ್ನಾಗಿಸಿತು.

ಹಾಗಾದರೆ ನಮ್ಮ ರೈತನು ಮಾಡಬೇಕಾದುದೇನು? ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿಯನ್ನು ಪಡೆಯಬೇಕು. ತನ್ನ ಹಳೆಯ ನಂಬರಿಗೇ ಹೊಸ ಸಿಮ್ ತೆಗೆದುಕೊಳ್ಳಬೇಕು, ಏಕೆಂದರೆ ಸಿ.ಇ.ಐ.ಆರ್. ಕೋರಿಕೆಯನ್ನು ದೃಢಪಡಿಸುವ ಸಂದೇಶವು ಬರಬೇಕಾದುದು ಸಿಮ್ಮಿಗೆ. ಆ ಕೋರಿಕೆಯಲ್ಲಿ ಐ.ಎಂ.ಇ.ಐ. ಸಂಖ್ಯೆಯನ್ನು ನಮೂದಿಸಲೇಬೇಕು. ಫೋನು ಹೋದ ಮೇಲೆ ಅದನ್ನು ಫೋನಿನಲ್ಲಿಯೇ ಹುಡುಕುವಂತಿಲ್ಲವಷ್ಟೆ! ಫೋನು ಬಂದ ಪೆಟ್ಟಿಗೆಯ ಮೇಲೆ ಅದು ಅಚ್ಚಾಗಿರುತ್ತದೆ. ಪೆಟ್ಟಿಗೆಯನ್ನು ಎಸೆದಿರುವ ವಾಚಕರು ಈಗಲೇ *#06# ಒತ್ತಿ, ಪರದೆಯ ಮೇಲೆ ಮೂಡುವ ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬಹುದು. ಕಳೆದ ಫೋನು ಕೈಸೇರಿದಾಗಲೂ ನಿಷೇಧ ತಾನಾಗಿ ತೊಲಗುವುದಿಲ್ಲ; ಅದನ್ನು ತೆರವು ಮಾಡಿಸಲು ಮತ್ತೊಂದು ಕೋರಿಕೆ ಸಲ್ಲಿಸಬೇಕು.