ಒಂದೇ ವರದಿಗೆ ಐವರ ಬರವಣಿಗೆ

ಪದವಿ ತರಗತಿಯ ಕೊನೆಯ ವರ್ಷದಲ್ಲಿ ಗುಂಪು ಯೋಜನೆ ಎಂಬುದೊಂದು ಇರುತ್ತದೆ. ನಾಲ್ಕೈದು ಮಂದಿ ಸೇರಿ ಒಂದು ವಿಷಯವನ್ನು ಅಧ್ಯಯನ ಮಾಡಿ ಒಂದೇ ವರದಿ ಬರೆಯಬೇಕು. ವರದಿ ಒಂದೇ ಆದರೂ ಅಂಕ ಮಾತ್ರ ಒಬ್ಬೊಬ್ಬರಿಗೂ ಬೇರೆ. ಕೆಲವು ವರ್ಷಗಳ ಹಿಂದೆ ನನ್ನ ಮಾರ್ಗದರ್ಶನದಲ್ಲಿದ್ದ ಐವರು ವಿದ್ಯಾರ್ಥಿಗಳು ಊರ ಕೆರೆಯ ನೀರಿನ ಗುಣಮಟ್ಟವನ್ನು ಅಳೆಯುವ ಯೋಜನೆ ಕೈಗೆತ್ತಿಕೊಂಡರು. ಸಲ್ಲಿಸುವ ಹಿಂದಿನ ರಾತ್ರಿ ಒಬ್ಬಳ ಗಣಕದಲ್ಲಿ 'ವರದಿ ಕೊನೆಯದು', ಇನ್ನೊಬ್ಬನ ಬಳಿ 'ವರದಿ ಕೊನೆಯದು 2', ಮತ್ತೊಬ್ಬನಲ್ಲಿ 'ವರದಿ ನಿಜವಾಗಿ ಕೊನೆಯದು' ಎಂಬ ಕಡತಗಳಿದ್ದವು. ಮುದ್ರಣಕ್ಕೆ ಹೋದದ್ದು ಎರಡನೆಯದು. ಅದರಲ್ಲಿ, ಒಬ್ಬ ವಿದ್ಯಾರ್ಥಿನಿ ವಿಂಕ್ಲರ್ ವಿಧಾನದಿಂದ ಎರಡು ವಾರ ಅಳೆದು ಬರೆದಿದ್ದ ಕರಗಿದ ಆಮ್ಲಜನಕದ ಕೋಷ್ಟಕವೇ ಇರಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು "ಇದರಲ್ಲಿ ನಿನ್ನ ಕೆಲಸ ಯಾವುದಮ್ಮಾ?" ಎಂದು ಕೇಳಿದಾಗ ಆಕೆಗೆ ತೋರಿಸಲು ಪುಟವಿರಲಿಲ್ಲ.

ಮರುವರ್ಷ ಎರಡು ಗುಂಪುಗಳಿಗೆ, ಅಂತರಜಾಲದಲ್ಲಿ ಒಟ್ಟಿಗೆ ಬರೆಯುವ ಮತ್ತು ಟಿಪ್ಪಣಿ ಇಟ್ಟುಕೊಳ್ಳುವ ಸಾಧನಗಳನ್ನು ಒಂದು ಸೆಮಿಸ್ಟರ್ ಪೂರ್ತಿ ಬಳಸಿ ನೋಡಿ ಎಂದೆ. ಅವು ಒಳಗೆ ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಎಡವುತ್ತವೆ ಎಂಬುದೇ ಈ ಲೇಖನದ ವಿಷಯ.

ತಿದ್ದುಪಡಿ ಕಳೆದುಹೋಗುವುದು ಹೇಗೆ?

ಕಡತವೊಂದನ್ನು ಇ-ಅಂಚೆಗೆ ಲಗತ್ತಿಸಿಯೋ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಯೋ ಕಳುಹಿಸಿದ ಕ್ಷಣದಲ್ಲೇ ಅದರ ಪ್ರತಿಗಳು ಹುಟ್ಟುತ್ತವೆ. ಇಬ್ಬರು ತಮ್ಮ ತಮ್ಮ ಪ್ರತಿಯನ್ನು ತಿದ್ದುತ್ತಾರೆ. ಯಾರು ಕೊನೆಗೆ ಉಳಿಸಿ ಕಳುಹಿಸುತ್ತಾರೋ ಅವರದು ನಿಲ್ಲುತ್ತದೆ, ಮೊದಲಿನವರದು ಸದ್ದಿಲ್ಲದೆ ಅಳಿದುಹೋಗುತ್ತದೆ. ಇದಕ್ಕೆ ಹಳೆಯ ಪರಿಹಾರವೆಂದರೆ ಬೀಗ. ಒಬ್ಬರು ಕಡತವನ್ನು ತೆರೆದಿರುವಷ್ಟು ಹೊತ್ತು ಉಳಿದವರು ಓದಬಹುದೇ ಹೊರತು ತಿದ್ದುವಂತಿಲ್ಲ. ಸುರಕ್ಷಿತವೇನೋ ಹೌದು. ಆದರೆ ಬೀಗ ಹಾಕಿಕೊಂಡವನು ಊಟಕ್ಕೆ ಹೋದರೆ ಉಳಿದ ನಾಲ್ವರು ಸುಮ್ಮನೆ ಕೂರಬೇಕು.

ಇನ್ನೊಂದು ದಾರಿ ವಿಕಿ. ವಾರ್ಡ್ ಕನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು ಜಾಲದಲ್ಲಿಟ್ಟರು. ಹವಾಯಿ ಭಾಷೆಯಲ್ಲಿ 'ವಿಕಿ' ಎಂದರೆ ಬೇಗ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರಿನಿಂದ ಅವರು ಈ ಪದವನ್ನು ತೆಗೆದುಕೊಂಡರು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ತಿದ್ದಿದವರಿಗೆ ಈ ವ್ಯವಸ್ಥೆ ಗೊತ್ತು. ಇಲ್ಲಿ ಬೀಗವಿಲ್ಲ. ನೀವು ತಿದ್ದುತ್ತಿರುವಾಗ ಇನ್ನೊಬ್ಬರು ಅದೇ ಭಾಗವನ್ನು ಬದಲಿಸಿ ಉಳಿಸಿದ್ದರೆ, ನೀವು ಉಳಿಸಹೊರಟಾಗ 'ಸಂಘರ್ಷವಿದೆ, ನೀವೇ ನೋಡಿ ಸರಿಪಡಿಸಿ' ಎನ್ನುತ್ತದೆ. ಹಳೆಯ ಆವೃತ್ತಿಗಳೆಲ್ಲ ಇತಿಹಾಸ ಪುಟದಲ್ಲಿ ಉಳಿಯುತ್ತವೆ. ನಿಧಾನವಾಗಿ ಬೆಳೆಯುವ ಬರಹಕ್ಕೆ ಇದು ಚೆನ್ನ. ಸಲ್ಲಿಸುವ ಹಿಂದಿನ ರಾತ್ರಿ ಐವರೂ ಒಂದೇ ಪುಟದ ಮೇಲೆ ಬಿದ್ದರೆ ಸಂಘರ್ಷ ಬಿಡಿಸುವುದೇ ಕೆಲಸವಾಗುತ್ತದೆ.

ಒಬ್ಬರು ಟೈಪ್ ಮಾಡುವುದು ಇನ್ನೊಬ್ಬರ ಪರದೆಯ ಮೇಲೆ ಆಗಲೇ ಕಾಣಬೇಕು ಎಂಬ ಆಸೆ ವಿಕಿಗಿಂತಲೂ ಹಳೆಯದು. 1968ರ ಡಿಸೆಂಬರ್ 9ರಂದು ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ ಸುಮಾರು 90 ನಿಮಿಷಗಳ ಪ್ರಾತ್ಯಕ್ಷಿಕೆ ನೀಡಿದರು. ಮೌಸ್ ಸಾರ್ವಜನಿಕರ ಮುಂದೆ ಬಂದದ್ದು ಅಂದೇ. ಮೆನ್ಲೊ ಪಾರ್ಕ್‌ನಲ್ಲಿ ಕುಳಿತಿದ್ದ ಸಹೋದ್ಯೋಗಿಯ ಜೊತೆ ಒಂದೇ ಬರಹವನ್ನು ಹಂಚಿಕೊಂಡು ಕೆಲಸ ಮಾಡುವುದನ್ನೂ ಅವರು ಆ ದಿನವೇ ತೋರಿಸಿದ್ದರು. ಮೌಸ್‌ನ ಕತೆ ಎಲ್ಲರಿಗೂ ಗೊತ್ತು, ಇದು ಮರೆತುಹೋಗಿದೆ.

ಸಾಮಾನ್ಯರ ಕೈಗೆ ಇದು ಬರಲು ಇನ್ನೂ ನಾಲ್ಕು ದಶಕ ಬೇಕಾಯಿತು. 2005ರಲ್ಲಿ ರೈಟ್ಲಿ ಎಂಬ ಜಾಲಾಧಾರಿತ ಪದಸಂಸ್ಕಾರಕ ಬಂತು. 2006ರಲ್ಲಿ ಗೂಗಲ್ ಅದನ್ನು ಕೊಂಡಿತು, ಅದೇ ಗೂಗಲ್ ಡಾಕ್ಸ್ ಆಗಿ ಬೆಳೆಯಿತು. 2008ರಲ್ಲಿ ಬಂದ ಈಥರ್‌ಪ್ಯಾಡ್‌ನಲ್ಲಿ ಒಬ್ಬೊಬ್ಬರ ಬರಹಕ್ಕೂ ಒಂದೊಂದು ಬಣ್ಣ, ಅಕ್ಷರ ಅಕ್ಷರವೂ ಕೂಡಲೇ ಎಲ್ಲರಿಗೂ ಕಾಣುತ್ತಿತ್ತು. 2009ರ ಡಿಸೆಂಬರ್‌ನಲ್ಲಿ ಅದರ ಕಂಪನಿಯನ್ನೂ ಗೂಗಲ್ ಕೊಂಡಿತು, ಅದೇ ತಿಂಗಳು ಈಥರ್‌ಪ್ಯಾಡ್‌ನ ಆಕರ ಸಂಕೇತ ಮುಕ್ತವಾಯಿತು.

'ಅವಸರದ' ಉದಾಹರಣೆ

ಒಂದೇ ಬರಹವನ್ನು ಇಬ್ಬರು ಏಕಕಾಲಕ್ಕೆ ತಿದ್ದುವಾಗ ಪ್ರತಿ ಬಾರಿಯೂ ಇಡೀ ಕಡತವನ್ನು ಕಳುಹಿಸುವುದಿಲ್ಲ. 'ಇಂತಿಷ್ಟನೆಯ ಅಕ್ಷರದ ನಂತರ ಇದನ್ನು ಸೇರಿಸು' ಅಥವಾ 'ಇಂತಿಷ್ಟನೆಯದನ್ನು ಅಳಿಸು' ಎಂಬ ಪುಟ್ಟ ಸೂಚನೆಗಳಷ್ಟೇ ಹೋಗುತ್ತವೆ. ತೊಡಕು ಇರುವುದು 'ಇಂತಿಷ್ಟನೆಯ' ಎಂಬಲ್ಲಿ.

ಪರದೆಯ ಮೇಲೆ 'ಸರ' ಎಂಬ ಪದವಿದೆ ಎನ್ನಿ. ಮೊದಲನೆಯವಳು ಅದರ ಮುಂದೆ 'ಅವ' ಸೇರಿಸಿ 'ಅವಸರ' ಮಾಡುತ್ತಾಳೆ. ಅದೇ ಕ್ಷಣದಲ್ಲಿ ಎರಡನೆಯವನು ಎರಡನೆಯ ಅಕ್ಷರದ ನಂತರ 'ದ' ಸೇರಿಸಿ 'ಸರದ' ಮಾಡುತ್ತಾನೆ. ಈಗ ಸೂಚನೆಗಳು ಅದಲುಬದಲಾಗುತ್ತವೆ. ಅವನ ಗಣಕಕ್ಕೆ 'ಆರಂಭದಲ್ಲಿ ಅವ ಸೇರಿಸು' ಎಂಬ ಸೂಚನೆ ಬಂದಾಗ 'ಅವಸರದ' ಎಂದಾಗುತ್ತದೆ. ಅವಳ ಗಣಕಕ್ಕೆ 'ಎರಡನೆಯ ಅಕ್ಷರದ ನಂತರ ದ ಸೇರಿಸು' ಎಂದು ಬರುತ್ತದೆ. ಅಲ್ಲಿ ಈಗಾಗಲೇ 'ಅವಸರ' ಇದೆ. ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿದರೆ 'ಅವದಸರ'! ಇಬ್ಬರ ಪರದೆಯ ಮೇಲೂ ಬೇರೆ ಬೇರೆ ಪದ. ಇಲ್ಲಿಂದ ಮುಂದೆ ಬರುವ ಪ್ರತಿ ಸೂಚನೆಯೂ ತಪ್ಪು ಜಾಗಕ್ಕೆ ಬೀಳುತ್ತದೆ.

1989ರಲ್ಲಿ ಅಮೆರಿಕದ ಕ್ಲಾರೆನ್ಸ್ ಎಲ್ಲಿಸ್ ಮತ್ತು ಸೈಮನ್ ಗಿಬ್ಸ್ ಇದಕ್ಕೊಂದು ಉಪಾಯ ಪ್ರಕಟಿಸಿದರು. ಬಂದ ಸೂಚನೆಯನ್ನು ಹಾಗೆಯೇ ಪಾಲಿಸಬೇಡ. ಅದು ಹೊರಟ ಮೇಲೆ ಇಲ್ಲಿ ಏನೇನು ಬದಲಾಗಿದೆ ಎಂದು ನೋಡಿ, ಸೂಚನೆಯನ್ನೇ ರೂಪಾಂತರಿಸಿ ಆಮೇಲೆ ಪಾಲಿಸು. ನಮ್ಮ ಉದಾಹರಣೆಯಲ್ಲಿ ಆರಂಭದಲ್ಲಿ ಎರಡು ಅಕ್ಷರ ಸೇರಿರುವುದರಿಂದ 2ಕ್ಕೆ 2 ಕೂಡಿಸಿ 'ನಾಲ್ಕನೆಯ ಅಕ್ಷರದ ನಂತರ ದ ಸೇರಿಸು' ಎಂದು ಬದಲಿಸಿದರೆ ಅವಳ ಪರದೆಯ ಮೇಲೂ 'ಅವಸರದ' ಬರುತ್ತದೆ. ಇಷ್ಟೇ ತತ್ತ್ವ. ಆದರೆ ಐದು ಜನ, ಸಾವಿರಾರು ಸೂಚನೆ, ತಡವಾಗಿ ಬರುವ ಸಂದೇಶಗಳು ಎಲ್ಲ ಸೇರಿದಾಗ ಲೆಕ್ಕ ಬಹಳ ಜಟಿಲವಾಗುತ್ತದೆ. ಹಾಗಾಗಿ ನಡುವೆ ಒಂದು ಸರ್ವರ್ ಇಟ್ಟು, ಎಲ್ಲ ಸೂಚನೆಗಳನ್ನೂ ಅದು ಒಂದು ಸಾಲಿನಲ್ಲಿ ನಿಲ್ಲಿಸುವಂತೆ ಮಾಡುವುದು ವಾಡಿಕೆ. 2010ರಲ್ಲಿ ಹೊಸದಾಗಿ ರೂಪಿಸಿದ ಗೂಗಲ್ ಡಾಕ್ಸ್ ಈ ತತ್ತ್ವವನ್ನೇ ಬಳಸಿತು.

ಒಂದು ಎಚ್ಚರಿಕೆ. ಎಲ್ಲರ ಪರದೆಯೂ ಒಂದೇ ಆಗುತ್ತದೆ ಎಂದಷ್ಟೇ ಈ ವಿಧಾನದ ಭರವಸೆ, ಬರಹ ಸರಿಯಾಗಿರುತ್ತದೆ ಎಂದಲ್ಲ. ಒಬ್ಬ 'ಕೆರೆ'ಯನ್ನು 'ಕೆರೆಯ' ಎಂದೂ ಇನ್ನೊಬ್ಬಳು 'ಕೆರೆಗೆ' ಎಂದೂ ಒಮ್ಮೆಲೇ ತಿದ್ದಿದರೆ ಎಲ್ಲರಿಗೂ 'ಕೆರೆಯಗೆ' ಎಂದು ಕಂಡೀತು. ಇದು ನಗುವ ವಿಷಯ, ಕಣ್ಣಿಗೆ ಬಿದ್ದೇ ಬೀಳುತ್ತದೆ. ಅಂಕೆಗಳ ವಿಷಯ ಹಾಗಲ್ಲ. ಸಾಲಿನ ನಡುವೆ 4.2 ಎಂಬ ಅಳತೆಯಿದೆ. ಒಬ್ಬನಿಗೆ ಅದು 4.6 ಎಂದು ನೆನಪು, ಇನ್ನೊಬ್ಬಳಿಗೆ 4.8. ಇಬ್ಬರೂ ಒಂದೇ ಕ್ಷಣದಲ್ಲಿ 2ನ್ನು ಅಳಿಸಿ ತಮ್ಮ ತಮ್ಮ ಅಂಕೆ ಒತ್ತುತ್ತಾರೆ. ಉಳಿಯುವುದು 4.68 ಅಥವಾ 4.86. ಯಾರೂ ಅಳೆಯದ, ಯಾರೂ ಬರೆಯದ ಸಂಖ್ಯೆ, ನೋಡಲು ಮಾತ್ರ ಬಹಳ ನಿಖರ! ನಮ್ಮ ಗುಂಪಿನವರಿಗೆ ಬೇಕೆಂದೇ ಹೀಗೆ ಮಾಡಿ ತೋರಿಸಿದ ಮೇಲೆ, ಅಳತೆಗಳ ಪುಟವನ್ನು ಒಬ್ಬರೇ ತುಂಬುವುದು, ಉಳಿದವರು ಅಂಚಿನಲ್ಲಿ ಟೀಕೆ ಹಾಕುವುದು ಎಂಬ ನಿಯಮವನ್ನು ಅವರೇ ಮಾಡಿಕೊಂಡರು.

ಜಾಲ ಕೈಕೊಟ್ಟಾಗ

ಕೆರೆಯ ದಂಡೆಯಲ್ಲಿ ಮೊಬೈಲ್ ಸಂಕೇತ ಇರಲಿಲ್ಲ. ಸರ್ವರ್ ಜೊತೆ ಸಂಪರ್ಕವಿಲ್ಲದೆ ಗಂಟೆಗಟ್ಟಲೆ ಬರೆದು, ಆಮೇಲೆ ಸೇರಿಸುವುದಕ್ಕೆ ಬೇರೊಂದು ವಿಧಾನ ಹೆಚ್ಚು ಅನುಕೂಲ. ಅಕ್ಷರಗಳನ್ನು ಸ್ಥಾನದಿಂದ ಗುರುತಿಸುವ ಬದಲು ಪ್ರತಿ ಅಕ್ಷರಕ್ಕೂ ಹುಟ್ಟುವಾಗಲೇ ಒಂದು ಶಾಶ್ವತ ಗುರುತು ಕೊಟ್ಟುಬಿಡುವುದು. 1 ಮತ್ತು 2ರ ಗುರುತಿನ ಅಕ್ಷರಗಳ ನಡುವೆ ಬಂದದ್ದಕ್ಕೆ 1.5, ಅದರ ಜೊತೆ ಬರೆದವರ ಗುರುತು ಎಂದು ತಿಳಿಯಿರಿ. ಎಷ್ಟೇ ತಡವಾಗಿ, ಯಾವ ಕ್ರಮದಲ್ಲಿ ಬಂದು ಸೇರಿದರೂ ಗುರುತುಗಳನ್ನು ಜೋಡಿಸಿದರೆ ಒಂದೇ ಸಾಲು ಬರುತ್ತದೆ. ಇಂಥ ದತ್ತಾಂಶ ರಚನೆಗಳಿಗೆ 2011ರಲ್ಲಿ ಮಾರ್ಕ್ ಶಪೀರೊ ಮತ್ತು ಸಂಗಡಿಗರು ಗಟ್ಟಿಯಾದ ಗಣಿತದ ತಳಹದಿ ಹಾಕಿದರು. ವೈಜೆಎಸ್, ಆಟೋಮರ್ಜ್ ಎಂಬ ಮುಕ್ತ ತಂತ್ರಾಂಶಗಳು ಇದೇ ದಾರಿಯವು.

ಟಿಪ್ಪಣಿ ಸಾಧನಗಳಲ್ಲಿ ಎಲ್ಲವೂ ಇಷ್ಟು ಜಾಣತನ ತೋರುವುದಿಲ್ಲ. ಜಾಪ್ಲಿನ್ ಎಂಬ ಮುಕ್ತ ತಂತ್ರಾಂಶ ಎರಡು ಕಡೆ ತಿದ್ದಿದ ಟಿಪ್ಪಣಿ ಕಂಡರೆ ಒಂದು ಪ್ರತಿಯನ್ನು 'ಸಂಘರ್ಷ' ಎಂಬ ಪ್ರತ್ಯೇಕ ಪುಸ್ತಕಕ್ಕೆ ಹಾಕಿಡುತ್ತದೆ, ತೀರ್ಮಾನ ನಮ್ಮದು. ನನಗೆ ಇದು ಇಷ್ಟವಾಯಿತು, ಏನೂ ಕಳೆಯುವುದಿಲ್ಲವಲ್ಲ. ವಿದ್ಯಾರ್ಥಿಗಳಿಗೆ ಬೇಸರ ಬಂತು.

ಕನ್ನಡದ್ದೇ ತೊಡಕುಗಳು

ನಮ್ಮ ಒಂದು ಗುಂಪು ವರದಿಯನ್ನು ಕನ್ನಡದಲ್ಲಿ ಬರೆಯಿತು. ಮೊದಲ ದಿನವೇ ಒಬ್ಬ ಹುಡುಗ "ಸರ್, ನಾನು ಹಾಕಿದ್ದೆಲ್ಲ ಇಂಗ್ಲಿಷ್ ಚಿಂದಿ ಆಗಿದೆ" ಎಂದು ಬಂದ. ಅವನು ಮನೆಯ ಗಣಕದಲ್ಲಿ ಹಳೆಯ ಫಾಂಟ್ ಸಂಕೇತದಲ್ಲಿ ಟೈಪ್ ಮಾಡಿ ಅದನ್ನು ಹಂಚಿಕೆಯ ಕಡತಕ್ಕೆ ಅಂಟಿಸಿದ್ದ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಗಣಕದೊಳಗೆ ಉಳಿಯುವುದು ರೋಮನ್ ಅಕ್ಷರಗಳ ಸಂಕೇತಗಳೇ. ಫಾಂಟ್ ಅವುಗಳಿಗೆ ಕನ್ನಡದ ರೂಪ ತೊಡಿಸುತ್ತದೆ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚಿಬೀಳುತ್ತದೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನಗಳಿವೆ. ಆದ್ದರಿಂದ ಗುಂಪು ಕೆಲಸಕ್ಕೆ ಕುಳಿತ ಮೊದಲ ದಿನವೇ ಎಲ್ಲರೂ ಕೀಲಿಮಣೆಯನ್ನು ಯುನಿಕೋಡ್‌ಗೆ ಹೊಂದಿಸಿಕೊಳ್ಳಬೇಕು. ಹಳೆಯ ಕಡತಗಳಿದ್ದರೆ ಪರಿವರ್ತಕ ತಂತ್ರಾಂಶದ ಮೂಲಕ ದಾಟಿಸಿ ಒಮ್ಮೆ ಪೂರ್ತಿ ಓದಿ ನೋಡಬೇಕು.

ಯುನಿಕೋಡ್‌ನಲ್ಲೂ ಹುಷಾರಾಗಿರಬೇಕಾದ ಜಾಗಗಳಿವೆ. ಮೇಲೆ 'ಎರಡನೆಯ ಅಕ್ಷರ' ಎಂದೆನಲ್ಲ, ಗಣಕ ಎಣಿಸುವುದು ನಾವು ಉಚ್ಚರಿಸುವ ಅಕ್ಷರಗಳನ್ನಲ್ಲ. 'ಕ್ಷ' ಅದಕ್ಕೆ ಮೂರು: ಕ, ವಿರಾಮ ಚಿಹ್ನೆ, ಷ. 'ನೀರು' ನಾಲ್ಕು. (ನಾನು 'ಸರ' ಎಂಬ ಪದವನ್ನೇ ಆರಿಸಿದ್ದು ಈ ಗೊಂದಲ ತಪ್ಪಿಸಲಿಕ್ಕೆ.) 'ಕೊ'ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘ ಊತ್ವ ಎಂಬ ಎರಡು ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಇವೆರಡನ್ನೂ ಸಮಾನವೆಂದು ಪರಿಗಣಿಸಬೇಕೆಂಬ ನಿಯಮ ಯುನಿಕೋಡ್‌ನಲ್ಲಿದ್ದರೂ ಅದನ್ನು ಪಾಲಿಸದ ತಂತ್ರಾಂಶದಲ್ಲಿ 'ಕೊಳ' ಎಂದು ಹುಡುಕಿದರೆ ಅರ್ಧ ಸಿಕ್ಕೀತು, ಅರ್ಧ ಸಿಗಲಿಕ್ಕಿಲ್ಲ.

ಇದಕ್ಕಿಂತ ಹೆಚ್ಚು ಕಾಡಿದ್ದು ಸೊನ್ನೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆಯನ್ನು ಒತ್ತುವ ಅಭ್ಯಾಸ ಹಲವರಿಗಿದೆ. 'ಸಂಖ್ಯೆ' ಮತ್ತು 'ಸ೦ಖ್ಯೆ' ನೋಡಲು ಅವಳಿಗಳು, ಗಣಕಕ್ಕೆ ಮಾತ್ರ ಸಂಬಂಧವಿಲ್ಲದ ಎರಡು ಪದಗಳು. ಮೂವತ್ತು ಪುಟದ ಟಿಪ್ಪಣಿಯಲ್ಲಿ 'ಅಂತರ್ಜಲ' ಹುಡುಕಿದಾಗ ಒಬ್ಬಳು ಬರೆದ ಪುಟಗಳು ಒಂದೂ ಸಿಗಲಿಲ್ಲ. ಆಕೆ ಏನೂ ಬರೆದೇ ಇಲ್ಲವೆಂದು ಗುಂಪಿನಲ್ಲಿ ಮಾತಾಯಿತು, ಅರ್ಧ ದಿನ ಮುನಿಸೂ ನಡೆಯಿತು. ಒಂದು ಸಲ 'ಹುಡುಕಿ ಬದಲಿಸು' ಒತ್ತಿದ ಮೇಲೆ ಆಕೆಯ ಹನ್ನೊಂದು ಪುಟಗಳೂ ಎದ್ದು ಬಂದವು.

ಸೇವೆ ನಿಂತರೆ?

ಗೂಗಲ್ ನೋಟ್‌ಬುಕ್ ಎಂಬ ಟಿಪ್ಪಣಿ ಸೇವೆ 2006ರಲ್ಲಿ ಬಂದು 2012ರಲ್ಲಿ ಮುಚ್ಚಿತು. 2009ರಲ್ಲಿ ಭಾರಿ ಸದ್ದು ಮಾಡಿದ ಗೂಗಲ್ ವೇವ್ ಅದೇ ವರ್ಷ, ಅಂದರೆ 2012ರಲ್ಲಿ ಕಣ್ಮುಚ್ಚಿತು. ಎವರ್‌ನೋಟ್ 2023ರ ಡಿಸೆಂಬರ್‌ನಲ್ಲಿ ತನ್ನ ಉಚಿತ ಖಾತೆಯನ್ನು 50 ಟಿಪ್ಪಣಿ, ಒಂದು ಪುಸ್ತಕಕ್ಕೆ ಇಳಿಸಿತು. ಆದ್ದರಿಂದ ಯಾವ ಸಾಧನ ಆರಿಸಿದರೂ, ಬರೆದದ್ದನ್ನು ಸಾಮಾನ್ಯ ಪಠ್ಯವಾಗಿಯೋ ಪಿಡಿಎಫ್ ಆಗಿಯೋ ಹೊರಗೆ ತೆಗೆಯಲು ಬರುತ್ತದೆಯೇ ಎಂದು ಮೊದಲು ನೋಡಿ. ನಮ್ಮವರು ಪ್ರತಿ ಶನಿವಾರ ಒಂದು ಪ್ರತಿ ಇಳಿಸಿ ಪೆನ್‌ಡ್ರೈವಿಗೆ ಹಾಕುತ್ತಿದ್ದರು. ಅಂತರಜಾಲ ಸಂಪರ್ಕ ದುರ್ಬಲವಿರುವ ಕಾಲೇಜುಗಳು ಈಥರ್‌ಪ್ಯಾಡ್ ಅನ್ನು ಪ್ರಯೋಗಶಾಲೆಯ ಒಂದು ಗಣಕದಲ್ಲಿ ಸ್ಥಾಪಿಸಿ ಒಳಜಾಲದಲ್ಲೇ ನಡೆಸಬಹುದು. ಪರಾಮರ್ಶನ ಲೇಖನಗಳ ಪಟ್ಟಿಗೆ ಜೊಟೆರೊ ಸಾಕು, ಅದರಲ್ಲಿ ಗುಂಪಿಗೊಂದು ಗ್ರಂಥಾಲಯ ಮಾಡಿಕೊಳ್ಳಲು ಬರುತ್ತದೆ.

ಯಾರು ಎಷ್ಟು ಬರೆದರು?

ಆವೃತ್ತಿ ಇತಿಹಾಸ ತೆರೆದರೆ ಯಾರು, ಯಾವ ದಿನ, ಎಷ್ಟು ಗಂಟೆಗೆ ಏನು ಬರೆದರು ಎಂಬುದು ಬಣ್ಣ ಸಮೇತ ಕಾಣುತ್ತದೆ. ಕೋಷ್ಟಕ ಕಳೆದುಕೊಂಡ ಆ ಹುಡುಗಿಗೆ ಅಂದು ಇದೊಂದಿದ್ದರೆ ಸಾಕಿತ್ತು. ಹಾಗೆಂದು ಇದನ್ನೇ ಅಂಕದ ತಕ್ಕಡಿ ಮಾಡಲು ಹೊರಟ ನಾನು ಎಡವಿದೆ. ಮೊದಲ ತಿಂಗಳ ಕೊನೆಗೆ ಒಬ್ಬನ ಹೆಸರಿನಲ್ಲಿ ಮುಕ್ಕಾಲು ಭಾಗ ಬರಹ, ಇನ್ನೊಬ್ಬನ ಹೆಸರಿನಲ್ಲಿ ನಾಲ್ಕು ಸಾಲು. ಎರಡನೆಯವನನ್ನು ಕರೆದು ಕೇಳಿದೆ. "ನನ್ನ ಹತ್ರ ಲ್ಯಾಪ್‌ಟಾಪ್ ಇಲ್ಲ ಸರ್. ಹಾಳೆ ಮೇಲೆ ಬರ್ದು ಕೊಡ್ತೀನಿ, ಅವ್ನು ಟೈಪ್ ಮಾಡ್ತಾನೆ" ಎಂದ. ಹಾಳೆಗಳನ್ನು ತರಿಸಿ ನೋಡಿದೆ. ಮಾದರಿ ಸಂಗ್ರಹಿಸಿದ ಹೊತ್ತು, ನೀರಿನ ಉಷ್ಣತೆ, ಬಣ್ಣ, ವಾಸನೆ ಎಲ್ಲ ಅವನ ಕೈಬರಹದಲ್ಲೇ ಇತ್ತು. ಯಂತ್ರ ದಾಖಲಿಸಿದ್ದು ಒತ್ತಿದ ಕೀಲಿಗಳನ್ನು ಮಾತ್ರ.

ಅಂದಿನಿಂದ ಕ್ಷೇತ್ರ ಟಿಪ್ಪಣಿಯ ಹಾಳೆಗಳನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದು ಹಂಚಿಕೆಯ ಕಡತಕ್ಕೆ ಸೇರಿಸುತ್ತೇವೆ. ಪ್ರತಿ ಭಾಗದ ಕೊನೆಗೆ ಅಳೆದವರು, ಬರೆದವರು, ಟೈಪ್ ಮಾಡಿದವರು ಎಂದು ಮೂರು ಹೆಸರುಗಳಿರುತ್ತವೆ. ಮೌಖಿಕ ಪರೀಕ್ಷೆಯ ದಿನ ಆ ಪುಟಗಳ ಒಂದು ಮುದ್ರಿತ ಪ್ರತಿಯನ್ನು ಪರೀಕ್ಷಕರ ಮೇಜಿನ ಮೇಲೆ ಇಡುತ್ತೇವೆ.